ಅವಸರದ ಹುಡುಗಿ

“ಬಾಯಿ ಬಿಡಿ ಅಕ್ಕಾ, ಪೇಷಂಟ್ ಸಾಯ್ತಾ ಇದಾನೆ.”

ಪೇಷಂಟು ಎಲ್ಲೂ ಇರಲಿಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇದ್ದವರು ಇಬ್ಬರೇ. ಕಾಲು ಮುರಿದವರು ಕೂರುವ ಎತ್ತರದ ಸ್ಟೂಲಿನ ಮೇಲೆ ಅವಳು. ಎದುರಿಗೆ, ಬಿಳಿ ಪುಡಿ ಮೆತ್ತಿದ ಮೇಜಿಗೆ ಒರಗಿ ಮೊಬೈಲ್ ಹಿಡಿದು ನಿಂತಿದ್ದ ಅವಳ ಕಿರಿಯ ಸಹೋದ್ಯೋಗಿ. ಊಟದ ಹೊತ್ತಿನಲ್ಲಿ ಬೀಗ ಹಾಕದೆ ಬಿಟ್ಟುಹೋಗುತ್ತಿದ್ದ ಕೋಣೆ ಅದೊಂದೇ ಆದ್ದರಿಂದ ಇಬ್ಬರ ಪರೀಕ್ಷೆಯ ತಯಾರಿಯೂ ಅಲ್ಲೇ ನಡೆಯುತ್ತಿತ್ತು. ಮೊಬೈಲಿನಲ್ಲಿ ಸಮಯ ಓಡುತ್ತಿತ್ತು. ಎಂಥ ಉತ್ತರಕ್ಕೂ ಒಂದು ಉಸಿರು ಹೆಚ್ಚು ಕೊಡದ ಈ ಹುಡುಗನನ್ನು ಆಸ್ಪತ್ರೆಯವರೆಲ್ಲ ಗಡಿಯಾರ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

“ರಕ್ತ ತರಿಸ್ತೀನಿ. ಹೊಟ್ಟೆ ತೆಗೆದು ಎಲ್ಲಿಂದ ಸೋರ್ತಿದೆ ಅಂತ ನೋಡ್ತೀನಿ.”

“ನೋಡ್ತಾ ನಿಂತ್ಕೊಂಡ್ರೆ ಆಯ್ತು ಅವನ ಕಥೆ. ಅದಕ್ಕಿಂತ ಮೊದಲು?”

“ಮೊದಲು ನಾಲ್ಕೂ ಕಡೆ ಬಟ್ಟೆ ತುರುಕಿ ಒತ್ತಿ ಹಿಡೀತೀನಿ.”

“ಹಾಂ, ಬದುಕಿಕೊಂಡ. ಪುಣ್ಯಾತ್ಮ.”

ಶಸ್ತ್ರಚಿಕಿತ್ಸಕರ ಮಂಡಳಿಯ ಕೊನೆಯ ಪರೀಕ್ಷೆ ಇಂಥದ್ದು. ಬರೆಯುವುದೆಲ್ಲ ಮುಗಿದ ಮೇಲೆ ಒಂದಾದ ಮೇಲೊಂದು ನಾಲ್ಕು ಕೋಣೆಗಳಿಗೆ ಕರೆಯುತ್ತಾರೆ. ಮೇಜಿನ ಆಚೆ ಇಬ್ಬರು ಹಿರಿಯರು ಕೂತು ಒಬ್ಬ ರೋಗಿಯ ಕಥೆ ಹೇಳುತ್ತಾರೆ, ಒಮ್ಮೊಮ್ಮೆ ಒಂದು ಚಿತ್ರ ತೋರಿಸುತ್ತಾರೆ. ಈಚೆ ಕೂತವರು ಮಾತಿನಲ್ಲೇ ಕೊಯ್ದು, ಮಾತಿನಲ್ಲೇ ಹೊಲಿದು, ರೋಗಿಯನ್ನು ಮನೆಗೆ ಕಳಿಸಬೇಕು. ಹೋದ ವರ್ಷ ಅವಳು ಅಲ್ಲಿಯವರೆಗೆ ಹೋಗಿ ಬಂದವಳೇ. ಮೂರು ಕೋಣೆಗಳಲ್ಲಿ ಚೆನ್ನಾಗಿ ಉತ್ತರಿಸಿ, ಕೊನೆಯ ಕೋಣೆಯಲ್ಲಿ ಪಿತ್ತಕೋಶದ ಕಲ್ಲಿನ ಪ್ರಶ್ನೆ ಬಂದಾಗ, ಕಲಿಯುವ ಮಕ್ಕಳೂ ಉತ್ತರಿಸಬಹುದಾದ ಪ್ರಶ್ನೆ, ಅವಳ ಬಾಯಿಗೆ ಬೀಗ ಬಿದ್ದಿತ್ತು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತ ಕೂತುಬಿಟ್ಟಿದ್ದಳು. ಫೇಲ್. ಈ ಸಲವೂ ಹಾಗಾದರೆ ಆಸ್ಪತ್ರೆ ಅವಳನ್ನು ಆಪರೇಷನ್ ಕೋಣೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊರರೋಗಿಗಳ ಕೆಮ್ಮು ನೆಗಡಿ ನೋಡಿಕೊಂಡಿರಬೇಕು. ಪರೀಕ್ಷೆ ಬರುವ ಮಂಗಳವಾರ.

“ಇವತ್ತಿನ ಕೊನೇದು ಸ್ಪೆಷಲ್,” ಎಂದ ಗಡಿಯಾರ. “ಅವಸರದ ಹುಡುಗಿ.”

“ಅದ್ಯಾರೋ?”

“ಗೊತ್ತಿಲ್ವಾ? ದೊಡ್ಡ ಸರ್ ಹೋದ ಊರಲ್ಲೆಲ್ಲ ಕೇಳೋ ಕೇಸು ಅಕ್ಕಾ. ನಾನು ಇಲ್ಲಿಗೆ ಬರೋಕೆ ಮುಂಚೆ ನಮ್ಮೂರಲ್ಲಿ ಅವರ ಕ್ಲಾಸಿಗೆ ಹೋಗಿದ್ನಲ್ಲ, ಅಲ್ಲಿ ಬೋರ್ಡ್ ಮೇಲೆ ತೋರಿಸಿದ್ರು. ನಾವೆಲ್ಲ ಫೋಟೋ ತೆಕ್ಕೊಂಡ್ವಿ. ನೀವು ಅವರ ಕೈಕೆಳಗೇ ಕಲಿತವರು, ನಿಮಗೇ ಗೊತ್ತಿಲ್ಲ ಅಂದ್ರೆ!”

ದೊಡ್ಡ ಸರ್ ಎಂದರೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದವರು ಅವರು. ದಾರಕ್ಕೆ ಗಂಟು ಹಾಕುವುದನ್ನು ಕುರ್ಚಿಯ ಕಾಲಿಗೆ ಕಟ್ಟಿ ತೋರಿಸಿಕೊಟ್ಟವರು ಅವರು. ಅವರು ಊರೂರಿಗೆ ಹೋಗಿ ಪರೀಕ್ಷೆಗೆ ಕೂರುವವರಿಗೆ ಪಾಠ ಮಾಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಭಾನುವಾರ ಅವರ ಮನೆಯಲ್ಲಿ ನಡೆಯುವ ಅಭ್ಯಾಸಕ್ಕೆ ಅವಳು ಒಂದು ವಾರವೂ ತಪ್ಪಿಸಿದವಳಲ್ಲ. ಅಲ್ಲಿ ಇಂಥದೊಂದು ಕೇಸನ್ನು ಅವರು ಯಾವತ್ತೂ ಕೇಳಿರಲಿಲ್ಲ.

ಗಡಿಯಾರ ಗಂಟಲು ಸರಿಮಾಡಿಕೊಂಡು ದೊಡ್ಡ ಸರ್ ಧಾಟಿಯಲ್ಲೇ ಶುರುಮಾಡಿದ. “ನಲವತ್ತರ ಆಸುಪಾಸಿನ ಹೆಂಗಸು. ಟೈಲರಿಂಗ್ ಮಾಡ್ತಾರೆ. ಪಿತ್ತಕೋಶದಲ್ಲಿ ಕಲ್ಲು. ಕಲಿಯೋಕೆ ಬಂದ ಒಬ್ಬಳು ಹುಡುಗಿ ಆಪರೇಷನ್ ಮಾಡ್ತಿದಾಳೆ. ಅವಳಿಗೆ ಏನೋ ಅವಸರ. ಪಕ್ಕದಲ್ಲಿರೋ ಹಿರಿಯರು, ‘ಇನ್ನೊಂಚೂರು ಬಿಡಿಸಿ ನೋಡೋಣ’ ಅಂತಾರೆ. ಹುಡುಗಿ ಕೇಳಲ್ಲ. ಸಣ್ಣ ನಾಳ ಅಂದ್ಕೊಂಡು ದೊಡ್ಡ ಪಿತ್ತನಾಳಕ್ಕೇ ಕ್ಲಿಪ್ ಹಾಕಿ ಕತ್ತರಿಸಿಬಿಡ್ತಾಳೆ. ಈ ಚಿತ್ರದಲ್ಲಿ ಏನು ಕಾಣುತ್ತೆ, ಆಮೇಲೆ ಏನು ಮಾಡ್ತೀರಿ, ತಪ್ಪು ಯಾರದು?”

ಹೇಳಿ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದ.

ಹೊಟ್ಟೆಯೊಳಗಿನ ಚಿತ್ರ. ಕೆಂಪು, ಹಳದಿ, ಕ್ಲಿಪ್ಪಿನ ಹೊಳಪು. ಮೇಲ್ಗಡೆ ಯಕೃತ್ತಿನ ಅಂಚಿನಲ್ಲಿ ದುಂಡನೆಯ ಒಂದು ಬಿಳಿ ಮಚ್ಚೆ ಇತ್ತು, ಅಂಗಿಗೆ ಹೊಲಿದ ಗುಂಡಿಯ ಹಾಗೆ. ಅವತ್ತು ದೊಡ್ಡ ಸರ್ ಪರದೆಯ ಮೇಲೆ ಅದನ್ನು ಕಂಡು ನಕ್ಕಿದ್ದರು: “ನೋಡಮ್ಮಾ, ಟೈಲರಮ್ಮ ಲಿವರಿಗೂ ಗುಂಡಿ ಹೊಲ್ಕೊಂಡಿದಾರೆ.” ಮುಖಕ್ಕೆ ಕಟ್ಟಿದ ಬಟ್ಟೆಯೊಳಗೇ ಅವಳೂ ನಕ್ಕಿದ್ದಳು.

“ಅಕ್ಕಾ, ಟೈಮ್ ಹೋಗ್ತಿದೆ.”

“ಇದನ್ನ ನನಗೆ ಕಳಿಸು,” ಎಂದಳು. ಸ್ಟೂಲಿನಿಂದ ಇಳಿದಾಗ ಸೀರೆಗೆಲ್ಲ ಬಿಳಿ ಪುಡಿ ಹತ್ತಿತ್ತು. ಕೊಡವಿಕೊಳ್ಳಲು ಹೋಗಲಿಲ್ಲ.

ಹೋದ ವರ್ಷದ ಪರೀಕ್ಷೆಗೂ ಮುಂಚೆ ನಡೆದ ಟೈಲರಮ್ಮನ ಆಪರೇಷನ್ ದಿನ ಕತ್ತರಿ ಹಿಡಿದಿದ್ದವರು ದೊಡ್ಡ ಸರ್. ಅವಳು ಹಿಡಿದದ್ದು ಕ್ಯಾಮೆರಾ. ಹೊಟ್ಟೆಯನ್ನು ಪೂರ್ತಿ ತೆರೆಯದೆ ಸಣ್ಣ ಸಣ್ಣ ತೂತುಗಳಿಂದ ಮಾಡುವ ಈ ಆಪರೇಷನ್ನಿನಲ್ಲಿ ಒಬ್ಬರು ಕೆಲಸ ಮಾಡುತ್ತಾರೆ, ಇನ್ನೊಬ್ಬರು ಕೋಲಿನಂಥ ಕ್ಯಾಮೆರಾ ಒಳಗಿಟ್ಟು ದಾರಿ ತೋರಿಸುತ್ತಾರೆ. ಇಬ್ಬರೂ ನೋಡುವುದು ಗೋಡೆಯ ಮೇಲಿನ ಪರದೆಯನ್ನೇ. ಕ್ಯಾಮೆರಾ ಹಿಡಿದ ಕೈ ವಾಲಿದರೆ ಪರದೆಯ ಮೇಲೆ ಹೊಟ್ಟೆಯೊಳಗಿನ ಲೋಕವೇ ವಾಲುತ್ತದೆ. ಆಗ ಯಾವ ನಾಳ ಯಾವುದೆಂದು ಎಂಥವರಿಗೂ ಮಂಕು ಕವಿಯಬಹುದು. ಪಿತ್ತಕೋಶದ ಸಣ್ಣ ನಾಳವನ್ನು ಕತ್ತರಿಸಬೇಕು, ಪಕ್ಕದಲ್ಲೇ ಇರುವ ದೊಡ್ಡ ನಾಳವನ್ನು ಮುಟ್ಟಲೇಬಾರದು. ಆದ್ದರಿಂದ ಮೇಲಿನ ಕೊಬ್ಬನ್ನೆಲ್ಲ ನಿಧಾನವಾಗಿ ಬಿಡಿಸಿ, ಎರಡನ್ನೂ ಬೇರೆಬೇರೆಯಾಗಿ ಕಣ್ಣಾರೆ ಕಂಡ ಮೇಲೆಯೇ ಕತ್ತರಿ. ಇದನ್ನು ಅವಳಿಗೆ ಕಲಿಸಿದವರೂ ಅವರೇ.

ಅವತ್ತು ಸರ್‌ಗೆ ಸಂಜೆಯ ರೈಲಿತ್ತು. ಇನ್ನೊಂದು ಊರಿನಲ್ಲಿ ಮರುದಿನ ಬೆಳಗ್ಗೆ ಅವರ ಪಾಠ. ಹೊರಗೆ ಅವರ ಪೆಟ್ಟಿಗೆಯನ್ನು ಆಗಲೇ ಕಾರಿಗೆ ಹಾಕಿದ್ದರು. ಅವಳು, “ಸರ್, ಇನ್ನೊಂಚೂರು ಬಿಡಿಸಿ ನೋಡೋಣವಾ?” ಎಂದಿದ್ದಳು. “ನೀನು ಕ್ಯಾಮೆರಾ ನೋಡ್ಕೊಳ್ಳಮ್ಮಾ,” ಎಂದಿದ್ದರು ಅವರು. ಕ್ಲಿಪ್ ಬಿತ್ತು. ಕತ್ತರಿ ಆಡಿತು.

ಕೆಲವು ದಿನಗಳಲ್ಲಿ ಟೈಲರಮ್ಮನ ಕಣ್ಣು ಅರಿಸಿನವಾಯಿತು, ಹೊಟ್ಟೆ ಉಬ್ಬಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿ, ಹೊಟ್ಟೆಯನ್ನು ಅಡ್ಡಕ್ಕೆ ಕೊಯ್ದು, ಕರುಳಿಗೆ ನಾಳ ಸೇರಿಸಿ ಹೇಗೋ ಉಳಿಸಿಕೊಂಡರು. ಆ ಹೊತ್ತಿನಲ್ಲೇ ಸರ್ ಅವಳನ್ನು ತಮ್ಮ ಕೋಣೆಗೆ ಕರೆದದ್ದು. ಬಾಗಿಲು ಹಾಕಿ, ಕೂರಿಸಿ, ತಾವೇ ನೀರು ಬಗ್ಗಿಸಿಕೊಟ್ಟರು.

“ಕ್ಯಾಮೆರಾ ವಾಲಿತ್ತು ಕಣಮ್ಮಾ. ನನಗೆ ಕಂಡಿದ್ದೇ ಬೇರೆ. ರೆಕಾರ್ಡಿಂಗ್ ನೋಡೋಣ ಅಂದ್ರೆ ಅವತ್ತು ಮೆಷೀನೂ ಕೈಕೊಟ್ಟಿದೆ, ಏನೂ ಉಳಿದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ನಿನ್ನ ಮೇಲೆ ಒಂದು ಮಾತು ಬರೋಕೆ ಬಿಡಲ್ಲ. ಅಳಬೇಡ.”

ಅವಳು ಅತ್ತಿದ್ದಳು. ಎರಡೂ ಕೈ ಮುಗಿದು ಥ್ಯಾಂಕ್ಸ್ ಸರ್ ಎಂದಿದ್ದಳು. ಟೈಲರಮ್ಮನ ಗಂಡನಿಗೆ ವಿಷಯ ತಿಳಿಸುವವರು ಯಾರು ಎಂಬ ಮಾತು ಬಂದಾಗ, “ನೀನೇ ಹೇಳು, ನಿನ್ನ ಮನಸ್ಸೂ ಹಗುರಾಗುತ್ತೆ” ಎಂದರು. ಅವಳು ಹೋಗಿ ಕಾರಿಡಾರಿನಲ್ಲಿ ನಿಂತು “ನಮ್ಮಿಂದ ತಪ್ಪಾಯ್ತು” ಎಂದು ಹೇಳಿ ಬಂದಿದ್ದಳು.

ಆಮೇಲಿನದೆಲ್ಲ ಋಣ ತೀರಿಸುವ ಕೆಲಸವೇ. ಸರ್ ರಜೆ ಹಾಕಿದರೆ ಅವರ ಪಾಳಿ ಅವಳದು. ಸರ್ ಪಾಠಕ್ಕೆ ಹೋದರೆ ಅವರ ವಾರ್ಡು ಅವಳದು. ಅವರ ಭಾಷಣ ಟೈಪ್ ಮಾಡಿಕೊಟ್ಟಳು, ಅವರ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಓಡಾಡಿದಳು. ಅವರು ಬಾಯಿ ಬಿಡದೆ ಕಾಪಾಡುತ್ತಿದ್ದಾರಲ್ಲ! ಕ್ಯಾಮೆರಾ ಕೈಗೆ ಬಂದಾಗಲೆಲ್ಲ ಮಣಿಕಟ್ಟು ಸಣ್ಣಗೆ ನಡುಗುತ್ತಿತ್ತು. ಹೋದ ವರ್ಷ ಪರೀಕ್ಷೆಯ ಕೋಣೆಯಲ್ಲಿ ನೀರಿನ ಲೋಟ ನೋಡುತ್ತ ಕೂತದ್ದೂ ಅದೇ ನಡುಕ ನಾಲಿಗೆಗೆ ಹತ್ತಿದ್ದರಿಂದ.

ಈಗ ಮೊಬೈಲಿನಲ್ಲಿದ್ದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಏನೂ ಉಳಿದಿಲ್ಲ ಎಂದಿದ್ದ ಆ ರೆಕಾರ್ಡಿಂಗಿನದೇ ಅದು. ಚಿತ್ರ ನೆಟ್ಟಗಿತ್ತು.

ತನ್ನ ಗಂಡನಿಗೆ ಅವಳು ಇದನ್ನು ಹೇಳಿದ್ದು ಮರುದಿನ ಬೆಳಗ್ಗೆ, ಅವನು ತನ್ನ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾಗ. ಅವನು ಶಾಲೆಯಲ್ಲಿ ಡ್ರಿಲ್ ಮಾಸ್ಟರು. ಹೆಂಡತಿಯ ಪರೀಕ್ಷೆಯನ್ನು ಪಂದ್ಯವೆಂದೇ ತಿಳಿದು, ಪ್ರಶ್ನೆಯ ಚೀಟಿಗಳನ್ನು ತಪ್ಪುತಪ್ಪಾಗಿ ಓದಿ, ಸರಿಯುತ್ತರಕ್ಕೆ ಒಂದು ಸಲ, ತಪ್ಪುತ್ತರಕ್ಕೆ ಎರಡು ಸಲ ಸೀಟಿ ಊದುತ್ತಿದ್ದ. ಪಕ್ಕದ ಮನೆಯವರು ಒಂದೆರಡು ಸಲ ಬಂದು ವಿಚಾರಿಸಿಕೊಂಡು ಹೋಗಿದ್ದರು. ಅವಳು ಹೇಳಿ ಮುಗಿಸುವಷ್ಟರಲ್ಲಿ ಪ್ಯಾಂಟಿನಿಂದ ಸೀದ ವಾಸನೆ ಬಂತು.

“ಭಾನುವಾರ ಆ ಮನುಷ್ಯನ ಮನೆ ಮೆಟ್ಟಲು ಹತ್ತಬೇಡ,” ಎಂದ ಅವನು, ಇಸ್ತ್ರಿಪೆಟ್ಟಿಗೆ ಎತ್ತಿಟ್ಟು.

“ಹತ್ತದೆ ಇದ್ರೆ? ವಿಭಾಗ ಅವರದು. ಪಾಸಾದ್ರೂ ನನ್ನನ್ನ ಒಳಗೆ ಇಟ್ಕೊಳ್ಳೋರು ಅವರೇ.”

“ಹಾಗಂತ ಹೋಗಿ ಅವರ ಟೀ ಕುಡಿದು ಬರ್ತೀಯಾ?”

“ಸುಳ್ಳು ಹೇಳಿದ್ದಕ್ಕಲ್ಲ ರೀ ನನಗೆ ಹೊಟ್ಟೆ ಉರೀತಿರೋದು.” ಅವಳು ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು. “ತನ್ನ ತಲೆ ಉಳಿಸ್ಕೊಳ್ಳೋಕೆ ಯಾರು ಬೇಕಾದ್ರೂ ಸುಳ್ಳು ಹೇಳ್ತಾರೆ. ನಾನು ಅವರಿಗೆ ಥ್ಯಾಂಕ್ಸ್ ಹೇಳಿದೀನಿ. ಕೈ ಮುಗಿದಿದೀನಿ. ದಿನಾ ಬೆಳಗ್ಗೆ ಎದ್ದು, ಇಂಥ ಗುರು ಯಾರಿಗೆ ಸಿಕ್ತಾರೆ ಅಂದ್ಕೊಂಡು ಆಸ್ಪತ್ರೆಗೆ ಹೋಗಿದೀನಿ. ಅವರು ಕೂತ್ಕೊಂಡು ಅದನ್ನ ನೋಡ್ತಾ ಇದ್ರಲ್ಲ!”

ಅವನು ಸುಟ್ಟ ಪ್ಯಾಂಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಕಪಾಟಿನಿಂದ ಇನ್ನೊಂದನ್ನು ತೆಗೆದ.

ಭಾನುವಾರ ಅವಳು ಹೋದಳು.

ದೊಡ್ಡ ಸರ್ ಮನೆಯ ಮುಂದಿನ ಕೋಣೆಯಲ್ಲಿ ಯಾವಾಗಲೂ ಹೊಳಪು ಹಾಕಿದ ಮರದ ವಾಸನೆ ಇರುತ್ತಿತ್ತು. ಟೀವಿಯ ಮುಂದೆ ಅರ್ಧಚಂದ್ರದ ಹಾಗೆ ಕುರ್ಚಿಗಳು. ಸರ್ ಪಕ್ಕದಲ್ಲಿ, ಹೋಟೆಲಿನ ಗಲ್ಲಾದ ಮೇಲೆ ಇರುವಂಥ ಒಂದು ಪುಟ್ಟ ಹಿತ್ತಾಳೆಯ ಗಂಟೆ. ಸಮಯ ಮುಗಿದಾಗ ಅದನ್ನು ಒತ್ತುವುದು ಅವರಿಗೆ ಇಷ್ಟ. ಗಡಿಯಾರ ಮೊದಲೇ ಬಂದು ಕೂತಿದ್ದ. ಪರೀಕ್ಷೆಗೆ ಕೂರುವ ಇನ್ನೂ ಕೆಲವರು ಇದ್ದರು. ಸರ್ ಹೆಂಡತಿ ಬಿಸ್ಕತ್ತಿನ ತಟ್ಟೆ ಹಿಡಿದು ಬಂದವರು ಅವಳನ್ನು ನೋಡಿ, “ಏನೇ, ಇಷ್ಟು ಸೊರಗಿದೀಯ? ಓದಿದ್ದು ಸಾಕು, ತಿನ್ನು,” ಎಂದು ಕೆನ್ನೆ ತಟ್ಟಿದರು. ಈ ಮನೆಯಲ್ಲಿ ಅವಳಿಗೆ ಮಗಳ ಸಲಿಗೆಯಿತ್ತು. ಚಮಚ ಯಾವ ಡ್ರಾಯರಿನಲ್ಲಿದೆ ಎಂಬುದು ಗೊತ್ತಿತ್ತು.

ಒಬ್ಬೊಬ್ಬರದೇ ಆಯಿತು. ಪ್ರತಿ ಸಲವೂ ಗಂಟೆ ಕಿಣಿಗುಟ್ಟಿತು. ಅವಳ ಸರದಿ ಬಂದಾಗ ಸರ್ ಕನ್ನಡಕ ಸರಿಸಿಕೊಂಡು, “ನಿನಗೆ ಇವತ್ತು ಥೈರಾಯಿಡ್ ಕೇಳ್ಲಾ?” ಎಂದರು.

“ಅವಸರದ ಹುಡುಗಿ ಕೇಳಿ ಸರ್.”

ಅವರ ಕೈ ಟೀ ಕಪ್ಪಿನ ಹಿಡಿಯ ಮೇಲೆ ನಿಂತಿತು. ಅವರು ಅವಳನ್ನಲ್ಲ, ಬೇರೆಯವರನ್ನು ನೋಡಿದರು.

“ಅದು ಬೇಡ ಬಿಡಮ್ಮಾ. ಪಿತ್ತಕೋಶ ಅಂದ್ರೇನೇ ನಿನಗೆ ಹೋದ ವರ್ಷ ಗಾಬರಿಯಾಗಿತ್ತು. ಪರೀಕ್ಷೆ ಹತ್ರ ಇರೋವಾಗ ಅದನ್ನೆಲ್ಲ ಯಾಕೆ ಕೆದಕೋದು?”

“ಅಕ್ಕ ಈ ಸಲ ರೆಡಿ ಸರ್, ಕೇಳಿ,” ಎಂದು ಗಡಿಯಾರ ಉತ್ಸಾಹದಿಂದ ಎದ್ದೇಬಿಟ್ಟ. ಪಾಪ, ಅವನಿಗೆ ಏನು ಗೊತ್ತು. ತನ್ನ ಮೊಬೈಲಿನ ಚಿತ್ರವನ್ನು ಟೀವಿಗೆ ಹಾಕಿ, ಸಮಯ ಒತ್ತಿ ಕೂತ. ಕೋಣೆಯ ತುಂಬ ಕೆಂಪು ಬೆಳಕು ಬಿತ್ತು. ಇಷ್ಟು ಜನರ ಮುಂದೆ ಇನ್ನು ಬೇಡ ಎನ್ನುವುದಕ್ಕೂ ಸರ್‌ಗೆ ಮುಖ ಉಳಿದಿರಲಿಲ್ಲ.

“ಸರಿ,” ಎಂದರು. “ಕೇಸ್ ಎಲ್ಲರಿಗೂ ಗೊತ್ತಿದೆ. ಚಿತ್ರ ಕೊಟ್ಟಾಗ ಮೊದಲು ಏನು ಮಾಡಬೇಕು?”

“ಕಂಡಿದ್ದನ್ನ ಹೇಳಬೇಕು ಸರ್. ಊಹೆ ಆಮೇಲೆ. ನೀವು ಹೇಳ್ಕೊಟ್ಟಿದ್ದು.”

“ಹೇಳು.”

ಅವಳು ಟೀವಿಯ ಕಡೆ ತಿರುಗಿದಳು. ನಡುಗಬಹುದೆಂದು ಹೆದರಿದ್ದ ದನಿ ನಡುಗಲಿಲ್ಲ. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ಚಿತ್ರ ನೆಟ್ಟಗಿದೆ. ಕ್ಯಾಮೆರಾ ಒಂದು ಕೂದಲಿನಷ್ಟೂ ವಾಲಿಲ್ಲ. ಯಕೃತ್ತಿನ ಅಂಚು ಮಟ್ಟಸವಾಗಿದೆ, ಅದರ ಮೇಲೊಂದು ಬಿಳಿ ಮಚ್ಚೆ ಇದೆ, ಗುಂಡಿ ಥರ. ಬೆಳಕು ಸಾಕಷ್ಟಿದೆ. ಪಿತ್ತಕೋಶ ಅದರ ಜಾಗದಲ್ಲಿದೆ. ಕ್ಲಿಪ್ ಬಿದ್ದಿರೋದು ದೊಡ್ಡ ನಾಳಕ್ಕೆ. ಸಣ್ಣ ನಾಳದ ಮೇಲಿನ ಕೊಬ್ಬನ್ನ ಬಿಡಿಸೇ ಇಲ್ಲ. ಕ್ಯಾಮೆರಾ ಹಿಡಿದವರು ತೋರಿಸಬೇಕಾದ್ದನ್ನೆಲ್ಲ ತೋರಿಸಿದಾರೆ. ನಿಲ್ಲಿಸಿ ನೋಡಿದ್ರೆ ಯಾರಿಗಾದ್ರೂ ಕಾಣ್ತಿತ್ತು.”

“ಆಮೇಲೆ?”

“ಆಮೇಲೆ ನಾನು ಕೈ ಹಾಕಲ್ಲ. ಅಲ್ಲಿಗೇ ನಿಲ್ಲಿಸಿ ಇದನ್ನ ಸರಿಮಾಡೋಕೆ ಗೊತ್ತಿರೋರನ್ನ ಕರೆಸ್ತೀನಿ. ಅವತ್ತೇ ರೋಗಿಗೆ, ಮನೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.”

ಸರ್ ಗಂಟೆಯ ಮೇಲೆ ಕೈಯಿಟ್ಟರು. “ಸರ್, ಇನ್ನೊಂದು ಪ್ರಶ್ನೆ ಇದೆ,” ಎಂದ ಗಡಿಯಾರ. “ತಪ್ಪು ಯಾರದು.”

“ಕತ್ತರಿ ಹಿಡಿದವರದು,” ಎಂದಳು ಅವಳು, ಈಗ ಸರ್ ಮುಖವನ್ನೇ ನೋಡುತ್ತ. “ಅವರಿಗೆ ರೈಲಿಗೆ ಹೊತ್ತಾಗಿತ್ತು.”

ಒಳಗೆ ಅಡುಗೆಮನೆಯಲ್ಲಿ ನಲ್ಲಿ ನಿಂತ ಸದ್ದಾಯಿತು. ಸರ್ ಮುಖ ಬಿಳುಚಿದ್ದನ್ನು ಅವಳು ಕಂಡಳು, ಖಂಡಿತ ಕಂಡಳು. ಈಗ ಏನಾದರೂ ಹೇಳುತ್ತಾರೆ, ಬೈಯುತ್ತಾರೆ, ಎದ್ದು ಹೋಗುತ್ತಾರೆ, ಏನಾದರೂ ಸರಿ, ಎಂದು ಕಾದಳು. ಅವರು ಗಂಟೆ ಒತ್ತಿದರು. ಆಮೇಲೆ ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದರು.

“ಫುಲ್ ಮಾರ್ಕ್ಸ್. ನೋಡಿದ್ರಾ? ಚಿತ್ರ ಓದೋದು ಅಂದ್ರೆ ಹೀಗೆ. ಕ್ಯಾಮೆರಾ ನೆಟ್ಟಗಿದೆಯಾ, ಬೆಳಕಿದೆಯಾ, ಎಲ್ಲ ಒಂದೊಂದಾಗಿ. ಕೊನೆಗೆ ಆ ರೈಲು ಸೇರಿಸಿದ್ಲಲ್ಲ, ಅವಸರಕ್ಕೆ ಒಂದು ಕಾರಣ ಕೊಟ್ಲು. ಕೇಳೋರಿಗೆ ಕಣ್ಣಿಗೆ ಕಟ್ಟಬೇಕು. ಬರ್ಕೊಳ್ಳಿ ಎಲ್ಲರೂ.”

ಎಲ್ಲರೂ ಬರೆದುಕೊಂಡರು. ಪಕ್ಕದಲ್ಲಿದ್ದವನೊಬ್ಬ, “ಕೊಬ್ಬು ಬಿಡಿಸಿಲ್ಲ, ಆಮೇಲೇನಂದ್ರಿ ಮೇಡಂ?” ಎಂದು ಕೇಳಿದ. ಅವಳು ಇನ್ನೊಮ್ಮೆ ಹೇಳಬೇಕಾಯಿತು. ಸರ್ ಹೆಂಡತಿ ಬಾಗಿಲಲ್ಲಿ ನಿಂತು, “ನಾನು ಅಂದಿರಲಿಲ್ವಾ, ಈ ಸಲ ನಮ್ಮ ಹುಡುಗಿ ಪಾಸೇ ಅಂತ,” ಎಂದು ಕಣ್ಣೊರೆಸಿಕೊಂಡರು. ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು. ಸತ್ಯವನ್ನು ಮುಖದ ಮೇಲೆ ಎಸೆದರೆ ಅದಕ್ಕೂ ಅಂಕ ಕೊಟ್ಟು ಕೂರಿಸುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಹೊರಡುವಾಗ ಸರ್ ಗೇಟಿನವರೆಗೂ ಬಂದರು. ಬೇರೆಯವರು ಮುಂದೆ ಹೋಗುವ ತನಕ ಗೇಟಿನ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತಿದ್ದರು.

“ಹೆಸರು ಹೇಳಿಲ್ವಲ್ಲಮ್ಮಾ ನಾನು. ಎಲ್ಲೂ ಹೇಳಿಲ್ಲ.”

“ನನಗೆ ಹೇಳಿದ್ರಲ್ಲ ಸರ್. ಕ್ಯಾಮೆರಾ ವಾಲಿತ್ತು ಅಂತ.”

“ನಾನೇ ಮಾಡ್ದೆ ಅಂತ ನಿಂತಿದ್ರೆ ವಿಭಾಗ ಮುಚ್ಚಿಹೋಗ್ತಿತ್ತು. ಎಷ್ಟು ಜನ ನಂಬ್ಕೊಂಡಿದಾರೆ ಹೇಳು. ನೀನು ಚಿಕ್ಕವಳು, ತಡ್ಕೋತೀಯ ಅಂದ್ಕೊಂಡೆ.” ಸ್ವಲ್ಪ ತಡೆದು, “ತಡ್ಕೊಂಡೆ ತಾನೇ?” ಎಂದರು. ನಿಜಕ್ಕೂ ಉತ್ತರ ಬೇಕೆನ್ನುವ ಹಾಗೆ ಕೇಳಿದರು.

ಅವಳು ಚಿಲಕದ ಮೇಲಿದ್ದ ಅವರ ಕೈಯನ್ನು ನೋಡಿದಳು.

“ಮಂಗಳವಾರ ಪ್ರಶ್ನೆ ಕೇಳೋರಲ್ಲಿ ಇಬ್ಬರು ನನಗೆ ಬೇಕಾದವರು. ಒಂದು ಮಾತು ಹಾಕಿರ್ತೀನಿ.”

ಥ್ಯಾಂಕ್ಸ್ ಸರ್ ಎಂಬುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು. “ಹಾಕಬೇಡಿ ಸರ್,” ಎಂದು ಗೇಟು ದಾಟಿದಳು. ಹಿಂದೆ ಚಿಲಕ ಬಿದ್ದ ಸದ್ದು ಕೇಳಲಿಲ್ಲ. ಅವರು ಅಲ್ಲೇ ನಿಂತಿರಬೇಕು.

ರಸ್ತೆಯ ತಿರುವಿನಲ್ಲಿ ಗಡಿಯಾರ ಸ್ಕೂಟರ್ ಒರಗಿಸಿಕೊಂಡು ಕಾಯುತ್ತಿದ್ದ. ಮುಖದಲ್ಲಿ ಆಗಿನ ಉತ್ಸಾಹ ಇರಲಿಲ್ಲ.

“ಅಕ್ಕಾ, ರೈಲು ಅಂದ್ರಲ್ಲ. ಕೇಸಲ್ಲಿ ರೈಲು ಇರಲಿಲ್ಲ.”

“ಇತ್ತು ಕಣೋ.”

ಅವನು ಏನೋ ಕೇಳಲು ಹೋಗಿ ಅವಳ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಮೊಬೈಲನ್ನು ನೋಡಿದ. ಅವಳ ಉತ್ತರಕ್ಕೆಂದು ಒತ್ತಿದ್ದ ಸಮಯ ಇನ್ನೂ ಓಡುತ್ತಲೇ ಇತ್ತು. ನಿಲ್ಲಿಸುವುದನ್ನು ಗಡಿಯಾರ ಮರೆತಿದ್ದ.

ಸೋಮವಾರ ಸಂಜೆ, ಪರೀಕ್ಷೆಗೆ ತೊಡಬೇಕಾದ ಕೋಟಿನ ಅಳತೆಗೆ ಟೈಲರಮ್ಮನ ಅಂಗಡಿಗೆ ಹೋಗಬೇಕಿತ್ತು. ಆಪರೇಷನ್ ಆದಾಗಿನಿಂದ ಟೈಲರಮ್ಮ ತಪಾಸಣೆಗೆ ಬಂದಾಗಲೆಲ್ಲ ಅವಳೇ ಎದುರುಗೊಂಡು, ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆದೊಯ್ಯುತ್ತಿದ್ದಳು. ಜ್ವರ ಬಂದರೆ ಮನೆಗೇ ಹೋಗಿ ನೋಡಿ ಬರುತ್ತಿದ್ದಳು. ಪರೀಕ್ಷೆಯ ವಿಷಯ ತಿಳಿದಾಗ ಟೈಲರಮ್ಮ, “ಕೋಟು ನಾನೇ ಹೊಲಿದು ಕೊಡ್ತೀನಿ, ಬೇರೆ ಕಡೆ ಕೊಟ್ಟೀರಿ ಮತ್ತೆ,” ಎಂದು ಹಟ ಹಿಡಿದಿದ್ದರು.

ಅಂಗಡಿ ಎಂದರೆ ಒಂದು ಬಾಗಿಲಿನ ಕೋಣೆ. ಹೊಲಿಗೆಯ ಯಂತ್ರ, ಕತ್ತರಿಸಿದ ಬಟ್ಟೆಯ ಚೂರುಗಳು, ಆಳೆತ್ತರದ ಒಂದು ಕನ್ನಡಿ. ಕಡುನೀಲಿ ಕೋಟು ಇನ್ನೂ ಪೂರ್ತಿ ಆಗಿರಲಿಲ್ಲ. ತೋಳುಗಳನ್ನು ಉದ್ದುದ್ದನೆಯ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಸೇರಿಸಿದ್ದರು. ಅದನ್ನು ಅವಳಿಗೆ ತೊಡಿಸಿ ಸುತ್ತ ಒಮ್ಮೆ ನೋಡಿ, “ಎಡಗೈ ಚಾಚಿ,” ಎಂದರು. ಅವಳು ಚಾಚಿದಳು. ಕ್ಯಾಮೆರಾ ಹಿಡಿಯುವ ಕೈ.

“ನಾಳೆ ಭಯ ಪಡಬೇಡಿ ಡಾಕ್ಟ್ರಮ್ಮಾ,” ಎಂದರು ಟೈಲರಮ್ಮ ತೋಳಿನ ಅಂಚು ಮಡಿಸುತ್ತ. “ಹೋದ ಸಲ ನನ್ನ ವಿಷ್ಯ ಮನಸ್ಸಲ್ಲಿಟ್ಕೊಂಡು ಕೆಡಿಸ್ಕೊಂಡ್ರಿ ಅಂತ ನಂಗೆ ಗೊತ್ತು. ನಾನು ಅದನ್ನ ಯಾವತ್ತೋ ಹೊಟ್ಟೆಗೆ ಹಾಕ್ಕೊಂಡಿದೀನಿ.”

“ಏನನ್ನ ಅಕ್ಕಾ?”

“ನೀವು ನಮ್ಮನೆಯವರ ಮುಂದೆ ನಿಂತು ತಪ್ಪಾಯ್ತು ಅಂದ್ರಿ. ಆಮೇಲೆ ದೊಡ್ಡ ಡಾಕ್ಟ್ರೂ ನನ್ನ ಮಂಚದ ಹತ್ರ ಬಂದು ಕೂತು ಎಲ್ಲ ಹೇಳಿದ್ರು. ಕಲಿಯೋ ಹುಡುಗಿ, ಅವಸರದಲ್ಲಿ ಕತ್ತರಿಸಿಬಿಟ್ಲು, ದೊಡ್ಡ ಮನಸ್ಸು ಮಾಡಿ ಅಂತ. ಎಷ್ಟು ಒಳ್ಳೆಯವರು, ನಿಮ್ಮ ಪರವಾಗಿ ಕೈ ಮುಗಿದ್ರು.” ಒಂದು ಗುಂಡುಸೂಜಿ ಚುಚ್ಚಿದರು. “ಸುಲಭ ಇರಲಿಲ್ಲ ಬಿಡಿ. ಸ್ನಾನಕ್ಕೆ ಹೋದಾಗ ಹೊಟ್ಟೆ ಮೇಲಿನ ಗೀರು ನೋಡ್ಕೊಂಡ್ರೆ ಮೈಯೆಲ್ಲ ಉರೀತಿತ್ತು. ನೀವು ಬಂದು ಜ್ವರ ನೋಡೋವಾಗ ಒಂದೊಂದ್ಸಲ ನಿಮ್ಮ ಕೈ ಮುಟ್ಟಿಸ್ಕೊಳ್ಳೋಕೂ ಆಗ್ತಿರಲಿಲ್ಲ. ನಿಮಗೆ ಗೊತ್ತಾಗಿಲ್ಲ ಅಷ್ಟೇ. ಆಮೇಲಾಮೇಲೆ, ಪಾಪ ಹುಡುಗಿ ಅನ್ನಿಸ್ತು. ಕೈ ಇಳಿಸ್ಬೇಡಿ.”

ಕೈ ಇಳಿದಿತ್ತು. ಅವಳು ಮತ್ತೆ ಎತ್ತಿದಳು. ಕನ್ನಡಿಯಲ್ಲಿ ತನ್ನ ಕೈಯನ್ನೇ ನೋಡಿದಳು. ಈ ಮಾತು ಹೇಳಿದರೆ ಇವರಿಗೆ ಸಿಕ್ಕಿರುವ ನೆಮ್ಮದಿಯೂ ಹೋಗುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಆದರೆ ಆ ಕೋಣೆಯಲ್ಲಿ, ಆ ಅರೆಬರೆ ಕೋಟಿನಲ್ಲಿ, ಇನ್ನೊಬ್ಬರ ತಪ್ಪಿಗೆ ಸಿಕ್ಕ ಕ್ಷಮೆಯನ್ನು ತೊಟ್ಟು ನಿಲ್ಲಲು ಇನ್ನು ಒಂದು ಗಳಿಗೆಯೂ ಆಗಲಿಲ್ಲ.

“ಅಕ್ಕಾ, ಅವತ್ತು ಕತ್ತರಿ ನನ್ನ ಕೈಲಿರಲಿಲ್ಲ. ಅವರ ಕೈಲಿತ್ತು. ನಾನು ಕ್ಯಾಮೆರಾ ಹಿಡ್ಕೊಂಡಿದ್ದೆ. ನೆಟ್ಟಗೆ ಹಿಡ್ಕೊಂಡಿದ್ದೆ. ನನಗೂ ಈಗಷ್ಟೇ ಗೊತ್ತಾಯ್ತು.”

ಟೈಲರಮ್ಮನ ತುಟಿಗಳ ನಡುವೆ ಗುಂಡುಸೂಜಿಯಿತ್ತು. ಅವರು ಅದನ್ನು ತೆಗೆದು ಕೈಯಲ್ಲಿ ಹಿಡಿದರು. ಹೊರಗೆ ಯಾರೋ ಸೈಕಲ್ಲಿನ ಬೆಲ್ ಬಾರಿಸುತ್ತ ಹೋದರು.

“ಹಾಗಾದ್ರೆ ಇಷ್ಟು ದಿನ ನಾನು ಹೊಟ್ಟೆಗೆ ಹಾಕ್ಕೊಂಡಿದ್ದು ಯಾರನ್ನ?”

ಟೈಲರಮ್ಮನ ಒಂದು ಕೈ ಅವರಿಗೇ ತಿಳಿಯದ ಹಾಗೆ ಹೊಟ್ಟೆಯ ಮೇಲೆ, ಆ ಅಡ್ಡ ಗೀರಿನ ಮೇಲೆ ಹೋಗಿ ನಿಂತಿತ್ತು. ಇನ್ನೊಂದರಲ್ಲಿ ಗುಂಡುಸೂಜಿ, ಎಲ್ಲಿ ಚುಚ್ಚಬೇಕೆಂದು ಮರೆತವರ ಹಾಗೆ ಹಿಡಿದುಕೊಂಡೇ ಇದ್ದರು. ಬಿಳಿ ದಾರದ ತೋಳಿನಲ್ಲಿ ಅವಳು ಚಾಚಿದ ಕೈ ಹಾಗೇ ಇತ್ತು, ಅಲುಗದೆ.